ಮಂದ ಥೈರಾಯ್ಡು ಮತ್ತು ನಮ್ಮ ಊಟ

ಕಂಠದ ಮುಂಭಾಗದಲ್ಲಿ, ರೆಕ್ಕೆ ಬಿಚ್ಚಿದ ಚಿಟ್ಟೆಯಂತಿರುವ ಪುಟ್ಟ ಗ್ರಂಥಿಯೇ ಥೈರಾಯ್ಡು. ನಾವು ತಿಂದ ಆಹಾರದಲ್ಲಿನ ಅಯೋಡಿನ್ನಿನಿಂದ ಅದು ಥೈರಾಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸಿ ರಕ್ತಕ್ಕೆ ಸೇರಿಸುತ್ತದೆ. ದೇಹವು ಎಷ್ಟು ಚುರುಕಾಗಿ ದುಡಿಯಬೇಕೆಂಬುದು ಇದನ್ನೇ ಅವಲಂಬಿಸಿದೆ. ಇದು ಕಡಿಮೆಯಾದರೆ ಒಲೆಯ ಉರಿ ತಗ್ಗಿದಂತೆಯೇ ಸರಿ: ಆಯಾಸ, ಚಳಿ, ಮಲಬದ್ಧತೆ, ಒಣಚರ್ಮ, ಮೈತೂಕದ ಹೆಚ್ಚಳ ಒಂದೊಂದಾಗಿ ತಲೆದೋರುವುವು.

ನಮ್ಮ ತಾಯಿಯವರಿಗೆ ಈ ವ್ಯಾಧಿಯಿದೆಯೆಂದು ತಿಳಿದೊಡನೆ ಜಯನಗರದ ನಮ್ಮ ಮನೆಗೆ ಉಪದೇಶಗಳ ಸುರಿಮಳೆಯಾಯಿತು. "ಕೋಸು ಮುಟ್ಟಬೇಡಿ", "ಮುದ್ದೆ ಬಿಡಿ", "ಕೊತ್ತಂಬರಿ ಬೀಜದ ನೀರು ಕುಡಿದರೆ ಮಾತ್ರೆಯೇ ಬೇಡ"! ಬಂಧುಗಳೊಬ್ಬರ ಮಾತನ್ನು ನಂಬಿ ಅಮ್ಮ ಎರಡು ತಿಂಗಳು ಮಾತ್ರೆ ಬಿಟ್ಟರು. ಮುಖ ಊದಿತು, ಮೆಟ್ಟಿಲು ಹತ್ತುವುದೂ ಕಷ್ಟವಾಯಿತು. ಆಮೇಲೆ ವೈದ್ಯರನ್ನು ಕೇಳಿ, ಓದಿ ನಾನು ತಿಳಿದುಕೊಂಡುದನ್ನು ಇಲ್ಲಿ ಅರುಹುತ್ತೇನೆ.

ಮೊದಲು ಉಪ್ಪಿನ ವಿಚಾರ. ವಯಸ್ಕರಿಗೆ ದಿನಕ್ಕೆ ಸುಮಾರು ೧೫೦ ಮೈಕ್ರೋಗ್ರಾಂ ಅಯೋಡಿನ್ ಸಾಕು. ಗರ್ಭಿಣಿಯರಿಗೆ ಇನ್ನಷ್ಟು ಬೇಕು. ಇದು ದೊರೆಯದಿದ್ದರೆ ಗಳಗಂಡ ಬರುವುದುಂಟು. ಅಯೋಡಿನ್ ಬೆರೆಸಿದ ಉಪ್ಪಿನಿಂದ ಈ ರೋಗವನ್ನು ತಡೆಯಬಹುದೆಂಬುದನ್ನು ಡಾ. ವಿ. ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ತೋರಿಸಿಕೊಟ್ಟರು. ೧೯೬೨ರಲ್ಲಿ ಭಾರತ ಸರ್ಕಾರವು ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಆದರೆ ಅಯೋಡಿನ್ ಉಪ್ಪು ಬಳಸುವ ಮನೆಗಳಲ್ಲಿ ವ್ಯಾಧಿಗೆ ಕಾರಣ ಹೆಚ್ಚಾಗಿ ಬೇರೆ: ದೇಹದ ರಕ್ಷಣಾಶಕ್ತಿಯೇ ತಪ್ಪಿ ಗ್ರಂಥಿಯ ಮೇಲೆ ಬೀಳುತ್ತದೆ. ಅಲ್ಲಿ ಉಪ್ಪು ಹೆಚ್ಚಿಸಿದರೆ ಗ್ರಂಥಿ ಚೇತರಿಸದು. ರಕ್ತದೊತ್ತಡ ಏರೀತು, ಅಷ್ಟೆ.

ಇನ್ನು ಎಲೆಕೋಸು, ಹೂಕೋಸು, ನವಿಲುಕೋಸು, ಮೂಲಂಗಿ. ಇವುಗಳಲ್ಲಿ ಗ್ರಂಥಿಯ ಕೆಲಸಕ್ಕೆ ಅಡ್ಡಿಮಾಡುವ ಅಂಶಗಳಿರುವುದು ನಿಜ. ಆದರೆ ಬೇಯಿಸಿದರೆ ಅವು ಬಹಳ ಮಟ್ಟಿಗೆ ತಗ್ಗುತ್ತವೆ. ನಾಲ್ಕನೇ ಬ್ಲಾಕಿನ ಮಾರುಕಟ್ಟೆಯಿಂದ ತಂದ ನವಿಲುಕೋಸಿನ ಹುಳಿಯನ್ನು ಹಿತಮಿತವಾಗಿ ಉಂಡರೆ ಭಯವಿಲ್ಲ. ಹಸಿಯ ರಸವನ್ನು ಲೋಟಗಟ್ಟಲೆ ಕುಡಿಯಬಾರದು. ಮುದ್ದೆಯನ್ನೂ ಬಿಡಬೇಕಾಗಿಲ್ಲ. ರಾಗಿಯ ನಾರು ಮಲಬದ್ಧತೆಗೆ ಒಳ್ಳೆಯದು. ಸೊಪ್ಪಿನ ಸಾರು, ಹೆಸರುಬೇಳೆ ಕೋಸಂಬರಿ, ಮಜ್ಜಿಗೆ ಇವೆಲ್ಲವೂ ಹಿತವೇ. ಈ ವ್ಯಾಧಿಯಲ್ಲಿ ಕೊಲೆಸ್ಟರಾಲ್ ಏರುವುದುಂಟಾದುದರಿಂದ ಬೋಂಡ, ವಡೆಗಳನ್ನು ಮಿತಗೊಳಿಸುವುದು ಲೇಸು.

ಹಾಗಾದರೆ ನಿಜವಾದ ಪಥ್ಯ ಯಾವುದು? ಹೊತ್ತಿನ ಪಥ್ಯ! ಥೈರಾಕ್ಸಿನ್ ಮಾತ್ರೆಯನ್ನು ಬೆಳಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಅರ್ಧ ಗಂಟೆಯಾದರೂ, ಸಾಧ್ಯವಾದರೆ ಒಂದು ಗಂಟೆ, ಕಾಫಿ ತಿಂಡಿಗಳನ್ನು ತಡೆದಿರಬೇಕು. ಕಾಫಿಯು ಮಾತ್ರೆಯನ್ನು ಪೂರ್ತಿಯಾಗಿ ರಕ್ತಕ್ಕೆ ಸೇರಗೊಡದು. ಹಾಸಿಗೆಯಿಂದೆದ್ದೊಡನೆ ಫಿಲ್ಟರ್ ಕಾಫಿ ಹುಡುಕುವ ನಮ್ಮ ಜಯನಗರ, ಬನಶಂಕರಿಗಳಲ್ಲಿ ಇದಕ್ಕಿಂತ ಕಠಿಣವಾದ ಪಥ್ಯವುಂಟೇ? ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆಗಳ ಅಂತರವಿರಲಿ.

ಊಟವು ಔಷಧಕ್ಕೆ ಒತ್ತಾಸೆಯೇ ಹೊರತು ಅದರ ಬದಲಿಯಲ್ಲ. ಸಹಪಾಠಿಗಳೇ, ನಿಮ್ಮ ಮನೆಯ ಹೆಂಗಸರು "ಏಕೋ ಸುಸ್ತು" ಎಂದು ಪದೇಪದೇ ಹೇಳಿದರೆ ಸೋಮಾರಿತನವೆಂದು ಬಗೆಯದೆ, ವೈದ್ಯರಲ್ಲಿಗೆ ಕರೆದೊಯ್ದು ಟಿ.ಎಸ್.ಎಚ್. ರಕ್ತಪರೀಕ್ಷೆ ಬೇಕೇ ಎಂದು ಕೇಳಿರಿ. ಕೋಸನ್ನು ದೂರುವುದು ಆಮೇಲಾದೀತು.