ಕಳೆದ ಕಲ್ಲಿನ ನಾದ

ಮುಂಬೈಯಿಂದ ಹೊರಟು ಕಲ್ಯಾಣ ದಾಟಿದ ಕರ್ಜತ್ ಲೋಕಲ್ ರೈಲು ವಿಠ್ಠಲವಾಡಿ, ಉಲ್ಲಾಸನಗರ ಕಳೆದು ಅಂಬರನಾಥದಲ್ಲಿ ನಿಲ್ಲುತ್ತದೆ. ಸ್ಟೇಷನ್ನಿನಿಂದ ರಿಕ್ಷಾದಲ್ಲಿ ಹೊರಟರೆ ಅಂಗಡಿ, ಚಾಳು, ಹೊಸ ಟವರುಗಳ ಸಂದಣಿ ಮುಗಿದು ವಾಲಧುನಿ ನದಿಯ ದಂಡೆಯಲ್ಲಿ ಕರಿಗಲ್ಲಿನ ಶಿವಾಲಯ ಎದುರಾಗುತ್ತದೆ. ಠಾಣೆಯನ್ನು ಆಳಿದ ಶಿಲಾಹಾರರು 1060ರಲ್ಲಿ ಮುಗಿಸಿದ ಗುಡಿ ಇದು. ಹೊರಗೋಡೆಯಲ್ಲಿ ಕೆತ್ತನೆಯಿಲ್ಲದ ಒಂದಂಗುಲವೂ ಇಲ್ಲ. ಒಳಗೆ ಗರ್ಭಗುಡಿಗೆ ಹೋಗಲು ಮಾತ್ರ ಮೆಟ್ಟಿಲು ಇಳಿಯಬೇಕು, ಇಪ್ಪತ್ತರಷ್ಟು. ಕೆಳಗೆ ಲಿಂಗ; ತಲೆಯೆತ್ತಿದರೆ ಶಿಖರ ಇರಬೇಕಾದಲ್ಲಿ ಬರಿಯ ಆಕಾಶ. ಮಳೆಗಾಲದ ಮಂದ ಬೆಳಕು ಆ ಬಾವಿಯಂಥ ಆಳಕ್ಕೆ ಇಳಿಯುವಾಗ, ಯಾರೋ ಹೊಡೆದ ಗಂಟೆಯ ಸದ್ದು ನಾಲ್ಕೂ ಗೋಡೆಗೆ ತಾಗಿ ನಿಧಾನವಾಗಿ ಮೇಲೇರಿ ಹೋಗುತ್ತದೆ.

ಆ ಸದ್ದು ಕೇಳಿದಾಗಲೆಲ್ಲ ನನಗೆ ಜಪಾನಿನ ಸಂಗೀತ ಸಂಯೋಜಕ ಯಾಸುಷಿ ಅಕುತಾಗಾವಾ ನೆನಪಾಗುತ್ತಾರೆ. ಶಿಲಾಹಾರರು ಯಾರ ಸಾಮಂತರಾಗಿ ಬೆಳೆದರೋ ಆ ಮಾನ್ಯಖೇಟದ ರಾಷ್ಟ್ರಕೂಟರು ಎಲ್ಲೋರದಲ್ಲಿ ಕಡೆಸಿದ ಗುಡಿಯನ್ನು ಸಿಂಫನಿಯಾಗಿಸಿದವರು ಅವರು.

ಯಾಸುಷಿ ಹುಟ್ಟಿದ್ದು 1925ರಲ್ಲಿ, ಟೋಕಿಯೊದಲ್ಲಿ. ‘ರಾಶೋಮನ್’ ಬರೆದ ರ್ಯೂನೊಸುಕೆ ಅಕುತಾಗಾವಾ ಇವರ ತಂದೆ. ಮಗನಿಗೆ ಎರಡು ವರ್ಷ ತುಂಬಿದ ಕೆಲವೇ ದಿನಗಳಲ್ಲಿ ತಂದೆ ಆತ್ಮಹತ್ಯೆ ಮಾಡಿಕೊಂಡರು. ಮನೆಯಲ್ಲಿ ಅವರು ಬಿಟ್ಟುಹೋದ ಗ್ರಾಮಫೋನ್ ತಟ್ಟೆಗಳಿದ್ದವು. ಅವುಗಳಲ್ಲಿದ್ದ ಸ್ಟ್ರಾವಿನ್‌ಸ್ಕಿಯನ್ನು ಕೇಳುತ್ತ ಹುಡುಗ ಬೆಳೆದ. ಮಾತನಾಡಿಸಲಾರದೆ ಹೋದ ತಂದೆಯಿಂದ ಮಗನಿಗೆ ಸಂಗೀತ ಬಂದದ್ದು ಹೀಗೆ. ಮುಂದೆ ‘ಗಾಡ್ಜಿಲ್ಲಾ’ ಚಿತ್ರಕ್ಕೆ ಸಂಗೀತ ಕೊಟ್ಟ ಅಕಿರಾ ಇಫುಕುಬೆ ಯಾಸುಷಿಗೆ ಗುರುವಾದರು. 1954ರಲ್ಲಿ ಯಾಸುಷಿ ಸೋವಿಯತ್ ದೇಶಕ್ಕೆ ಹೋಗಿ ಅಲ್ಲಿನ ಸಂಯೋಜಕ ಶೊಸ್ತಕೋವಿಚ್‌ರನ್ನು ಕಂಡು ಬಂದರು. ಕಾನ್ ಉತ್ಸವದಲ್ಲಿ ದೊಡ್ಡ ಪ್ರಶಸ್ತಿ ಗೆದ್ದ ‘ಜಿಗೊಕುಮೊನ್’ ಚಿತ್ರದ ಸಂಗೀತವೂ ಅವರದೇ.

ಎಲ್ಲೋರದ ಕೈಲಾಸನಾಥನ ಮುಂದೆ ನಿಂತ ಮೇಲೆ ಅವರ ದಾರಿ ತಿರುಗಿತು. ಎಂಟನೆಯ ಶತಮಾನದ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಶಿಲ್ಪಿಗಳು ಅಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಲಿಲ್ಲ. ಗುಡ್ಡದ ನೆತ್ತಿಯಿಂದ ಕೆಳಕ್ಕೆ ಕಡೆಯುತ್ತ, ಲಕ್ಷಾಂತರ ಟನ್ ಬಂಡೆಯನ್ನು ತೆಗೆದು ಹಾಕುತ್ತ ಹೋದರು. ಕೊನೆಗೆ ಉಳಿದದ್ದೇ ದೇವಾಲಯ. ತಪ್ಪಿ ಬಿದ್ದ ಒಂದು ಉಳಿಪೆಟ್ಟನ್ನೂ ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ಅದನ್ನು ರೂಪಿಸಿದ ಶಿಲ್ಪಿಯೇ ತನ್ನ ಕೆಲಸ ಕಂಡು ಬೆರಗಾದನೆಂದು ರಾಷ್ಟ್ರಕೂಟರ ತಾಮ್ರಶಾಸನ ಹೇಳುತ್ತದೆ. ಅದೇ ಬೆರಗು ಅಕುತಾಗಾವಾರನ್ನೂ ಹಿಡಿಯಿತು. ಬಿಳಿಯ ಹಾಳೆಯ ಮೇಲೆ ಸ್ವರಕ್ಕೆ ಸ್ವರ ಕೂಡಿಸುವುದೇ ಸಂಗೀತ ರಚನೆ ಎಂದುಕೊಂಡಿದ್ದವರು, ಕಳೆಯುತ್ತ ಹೋಗಿಯೂ ಸಂಗೀತ ಹುಟ್ಟೀತು ಎಂದು ಯೋಚಿಸತೊಡಗಿದರು.

1958ರಲ್ಲಿ ಬಂತು ‘ಎಲ್ಲೋರಾ ಸಿಂಫನಿ’. ರಾಗ, ತಾಳ ಎಂದು ನಮ್ಮ ಸಂಗೀತದ ಗುರುತು ಹುಡುಕುತ್ತ ಕೂತರೆ ಏನೂ ಸಿಗುವುದಿಲ್ಲ. ಸಿತಾರಿನ ಅಲಂಕಾರವಿಟ್ಟು ಭಾರತವನ್ನು ತೋರಿಸುವ ಸುಲಭದ ದಾರಿಗೆ ಅವರು ಹೋಗಲಿಲ್ಲ; ಅದಕ್ಕಾಗಿಯೇ ಈ ಕೃತಿಯ ಮೇಲೆ ನನಗೆ ಗೌರವ. ಅದರಲ್ಲಿರುವುದು ಪುಟ್ಟಪುಟ್ಟ ಖಂಡಗಳು. ಮಂದ್ರದಲ್ಲಿ ತೆವಳುವ ತಂತಿವಾದ್ಯಗಳು, ಕತ್ತಲಲ್ಲಿ ಗೋಡೆ ಸವರುವ ಹಾಗೆ. ಆಮೇಲೆ ತಾಳವಾದ್ಯಗಳ ಬಡಿತ. ಒಂದೇ ಲಯ ಮತ್ತೆ ಮತ್ತೆ, ಬಿಡದೆ, ಕಲ್ಲು ಒಡೆಯುವಷ್ಟು ಹಟದಿಂದ. ಹೆಣ್ಣುಗಂಡುಗಳ ಕೂಡುವಿಕೆ, ಸೃಷ್ಟಿಯ ಉನ್ಮಾದ, ಎಲ್ಲವೂ ಆ ಬಡಿತದಲ್ಲಿದೆ.

ಇಷ್ಟು ದೊಡ್ಡ ಸಂಗೀತಗಾರ ಬೇಟನ್ ಹಿಡಿದು ಬಹುಕಾಲ ನಿಂತದ್ದು ಹವ್ಯಾಸಿಗಳ ಮುಂದೆ. ಬೇರೆ ಬೇರೆ ವೃತ್ತಿಯವರು ಬಿಡುವಿನಲ್ಲಿ ಸೇರಿ ನುಡಿಸುವ ಟೋಕಿಯೊದ ‘ಶಿನ್ ಕೋಕ್ಯೊ’ ವಾದ್ಯವೃಂದವನ್ನು 1956ರಲ್ಲಿ ಕಟ್ಟಿ, 1989ರ ಜನವರಿಯಲ್ಲಿ ತೀರಿಕೊಳ್ಳುವ ತನಕ ಅದನ್ನು ಬೆಳೆಸಿದರು. ಆಫೀಸು ಮುಗಿಸಿ ಬಂದು ಡೊಂಬಿವಲಿಯ ಕನ್ನಡ ಸಂಘಗಳಲ್ಲಿ ಯಕ್ಷಗಾನ, ಭಜನೆಗೆ ಕೂರುವ ನಮ್ಮವರಿಗೆ ಆ ವಾದಕರ ದಣಿವೂ ಉತ್ಸಾಹವೂ ಅರ್ಥವಾಗದಿರದು. ಮುಂಬೈಯ ಎನ್‌ಸಿಪಿಎ ಕಲಾಕೇಂದ್ರದಲ್ಲಿ 2006ರಿಂದ ಸಿಂಫನಿ ಆರ್ಕೆಸ್ಟ್ರಾ ಇದೆ. ಅದು ‘ಎಲ್ಲೋರಾ ಸಿಂಫನಿ’ಯನ್ನು ಎಲ್ಲೋರಕ್ಕೇ ಒಯ್ದು, ಕೈಲಾಸದ ಎದುರಿನ ಬಯಲಲ್ಲಿ ನುಡಿಸಬೇಕೆಂಬುದು ನನ್ನ ಬಹುದಿನದ ಆಸೆ.