ಸಿಯಾಟಲ್ ಗ್ಯಾರೇಜಿನಲ್ಲಿ ದಾವಣಗೆರೆಯ ಕಿವಿಮಾತು

ಸಿಯಾಟಲ್‌ನಲ್ಲಿ ನವೆಂಬರ್ ಮಳೆ ಹಿಡಿದರೆ ಬಿಡುವುದಿಲ್ಲ. ಶನಿವಾರ ಎಲ್ಲಿಗೂ ಹೋಗಲಾಗದೆ ನಾವು ಮೂವರು ಗೆಳೆಯರು ಬಾಥೆಲ್‌ನ ಮನೆಯೊಂದರ ಗ್ಯಾರೇಜ್ ಸೇರುತ್ತೇವೆ. ಅಲ್ಲಿ ನಿಂತಿರುವುದು 1940ರ ಫೋರ್ಡ್ ಕಾರು. ಹಳೆಯ ಕಾರಿಗೆ ದೊಡ್ಡ ಎಂಜಿನ್ ಕೂರಿಸಿ ಓಡಿಸುವ 'ಹಾಟ್ ರಾಡ್' ಹುಚ್ಚು ಇಲ್ಲಿ ಬಹಳ. ಟಕೋಮಾ ಸಮೀಪದ ಪ್ಯುಯಾಲಪ್‌ನಲ್ಲಿ ಬೇಸಿಗೆಯ ಮೇಳ ನೋಡಿದ ಮೇಲೆ ಅದು ನಮಗೂ ಅಂಟಿತು.

ಎಂಜಿನ್ ಸಿದ್ಧವಾಯಿತು. ಬ್ರೇಕ್ ಮಾತ್ರ ಹಳೆಯದು. ಫೋರ್ಡ್ ಕಾರುಗಳಿಗೆ ಹೈಡ್ರಾಲಿಕ್ ಬ್ರೇಕ್ ಬಂದಿದ್ದೇ 1939ರಲ್ಲಿ. ಪೆಡಲ್ ನೆಲದಿಂದ ಮೇಲೆದ್ದಿರುತ್ತದೆ, ಮಾಸ್ಟರ್ ಸಿಲಿಂಡರ್ ಕಾಲಡಿಯಲ್ಲಿ ಅಡಗಿರುತ್ತದೆ. ನಾಲ್ಕೂ ಚಕ್ರಕ್ಕೆ ಒಂದೇ ಸಿಲಿಂಡರ್. ಒಂದು ಕಡೆ ಆಯಿಲ್ ಸೋರಿದರೆ ಪೂರ್ತಿ ಬ್ರೇಕ್ ಹೋದಂತೆ. ಆದ್ದರಿಂದ ಈಗಿನ ಕಾರುಗಳಂತೆ ಡ್ಯಾಶ್‌ಬೋರ್ಡ್ ಕೆಳಗೆ ತೂಗುವ ಪೆಡಲ್, ಎಂಜಿನ್ ಬದಿಗೆ ಎರಡು ಭಾಗದ ಸಿಲಿಂಡರ್ ಹಾಕಲು ನಿರ್ಧರಿಸಿದೆವು. ಒಂದು ಭಾಗ ಕೈಕೊಟ್ಟರೂ ಇನ್ನೊಂದು ಎರಡು ಚಕ್ರಗಳನ್ನು ಹಿಡಿಯುತ್ತದೆ. ಬಾನೆಟ್ ಎತ್ತಿದರೆ ಆಯಿಲ್ ಎಷ್ಟಿದೆ ಎಂದು ಕಣ್ಣಿಗೇ ಕಾಣುತ್ತದೆ.

ಬೂಸ್ಟರ್‌ಗೆ ಜಾಗವಿರಲಿಲ್ಲ. ಹಾಗಾಗಿ ಪೆಡಲ್‌ನ ಸನ್ನೆಯ ಲೆಕ್ಕ ಮುಖ್ಯ. ಪೆಡಲ್ ತಿರುಗುವ ಪಿನ್‌ನಿಂದ ಪಾದ ಇಡುವ ಜಾಗಕ್ಕೆ 12 ಇಂಚು, ಸಿಲಿಂಡರ್ ತಳ್ಳುವ ರಾಡ್‌ಗೆ 2 ಇಂಚು. ಅಂದರೆ ಕಾಲಿನ 20 ಕೆ.ಜಿ. ಒತ್ತಡ ಸಿಲಿಂಡರ್‌ನಲ್ಲಿ 120 ಕೆ.ಜಿ. ಆಗುತ್ತದೆ.

ಡ್ಯಾಶ್‌ಬೋರ್ಡ್ ಕೆಳಗೆ ಅಂಗಾತ ಮಲಗಿ, ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿಗೆ ರಂಧ್ರ ಕೊರೆದು ಬೋಲ್ಟ್ ಬಿಗಿದೆವು. ಆದರೂ ಪೆಡಲ್ ಒತ್ತಿದರೆ ಹಸಿಮಣ್ಣಿನಲ್ಲಿ ಕಾಲಿಟ್ಟಂತೆ ಮೆತ್ತಗೆ ಇಳಿಯುತ್ತಿತ್ತು. ನಾಲ್ಕು ಸಲ ಏರ್ ತೆಗೆದರೂ ಅಷ್ಟೇ.

ರಾತ್ರಿ ಎಂಟಕ್ಕೆ ಗೆಳೆಯ ಊರಿಗೆ ವಿಡಿಯೊ ಕರೆ ಮಾಡಿದ. ದಾವಣಗೆರೆಯಲ್ಲಿ ಆಗ ಭಾನುವಾರ ಬೆಳಗ್ಗೆ ಒಂಬತ್ತೂವರೆ. ಅವನ ಅಪ್ಪ ಲಾರಿ ಗ್ಯಾರೇಜ್ ನಡೆಸಿದವರು. ಕಾಫಿ ಲೋಟ ಹಿಡಿದೇ ಕೇಳಿಸಿಕೊಂಡರು.

'ಏರ್ ಇದ್ರೆ ಎರಡು ಸಲ ಪಂಪ್ ಮಾಡಿದಾಗ ಗಟ್ಟಿ ಆಗ್ಬೇಕು. ಆಗ್ತಿಲ್ಲ ಅಂದ್ರೆ ತಗಡೇ ಬಾಗ್ತಿರಬೇಕು. ಒಬ್ಬ ಒತ್ತಿ, ಇನ್ನೊಬ್ಬ ಬಾನೆಟ್ ಎತ್ತಿ ನೋಡ್ರಪ್ಪಾ' ಎಂದರು.

ನೋಡಿದೆವು. ಪ್ರತಿ ಒತ್ತಿಗೂ ಸಿಲಿಂಡರ್ ಸಮೇತ ತಗಡು ಮುಂದಕ್ಕೆ ಉಬ್ಬುತ್ತಿತ್ತು! ಮುಂದಿನ ವಾರ ದಪ್ಪ ಉಕ್ಕಿನ ಪ್ಲೇಟ್ ಆಸರೆ ಕೊಟ್ಟು, ಪೆಡಲ್ ಚೌಕಟ್ಟನ್ನು ಮೇಲ್ಭಾಗದ ಬಾಡಿಗೂ ಬಿಗಿದೆವು. ರಾಡ್‌ಗೆ ಒಂದು ಮಿಲಿಮೀಟರಿನಷ್ಟು ಸಡಿಲ ಬಿಟ್ಟೆವು. ಅದಿಲ್ಲದಿದ್ದರೆ ಕಾಲು ತೆಗೆದರೂ ಬ್ರೇಕ್ ಹಿಡಿದೇ ಇರುತ್ತದೆ.

ಸಿಯಾಟಲ್ ಗುಡ್ಡಗಳ ಊರು. ಕ್ವೀನ್ ಆ್ಯನ್ ಗುಡ್ಡದ ಕಡಿದಾದ ರಸ್ತೆಯಲ್ಲಿ ಟ್ರಾಮ್ ಇಳಿಯುವಾಗ, ನೆಲದಡಿಯ ಸುರಂಗದಲ್ಲಿ ಭಾರದ ಗಾಡಿಯೊಂದು ಮೇಲೇರುತ್ತಾ ಅದನ್ನು ಹಿಡಿದಿಡುತ್ತಿತ್ತು. 1940ರಲ್ಲಿ ಟ್ರಾಮ್ ನಿಂತರೂ ಆ ಇಳಿಜಾರಿಗೆ ಈಗಲೂ 'ಕೌಂಟರ್‌ಬ್ಯಾಲೆನ್ಸ್' ಎಂದೇ ಹೆಸರು. ಇಂಥ ಊರಲ್ಲಿ ಎಂಜಿನ್‌ಗಿಂತ ಬ್ರೇಕ್ ದೊಡ್ಡದು.

ಮೊದಲು ಖಾಲಿ ಪಾರ್ಕಿಂಗ್ ಜಾಗದಲ್ಲಿ, ಆಮೇಲೆ ಮನೆ ಮುಂದಿನ ಇಳಿಜಾರಿನಲ್ಲಿ ಕಾರು ಓಡಿಸಿದೆವು. ಅರ್ಧ ಒತ್ತಿಗೇ ಪೆಡಲ್ ಗಟ್ಟಿಯಾಗಿ ನಿಂತಿತು, ಕಾರೂ ನಿಂತಿತು. ಗೆಳೆಯನ ಆರು ವರ್ಷದ ಮಗಳು ತನ್ನನ್ನೂ ಕೂರಿಸಿಕೊಳ್ಳಿ ಎಂದು ತಿಂಗಳಿಂದ ಹಟ ಹಿಡಿದಿದ್ದಳು. ಆ ರಾತ್ರಿ ತಾತನೇ ಫೋನಿನಲ್ಲಿ ಕೇಳಿದರು:

'ಇಳಿಜಾರಲ್ಲಿ ಹಿಡೀತಾ?'

'ಹಿಡೀತು ಅಪ್ಪಾ.'

'ಹಂಗಾದ್ರೆ ಇನ್ನೂ ಎರಡು ಸಲ ನೋಡಿ, ಆಮೇಲೆ ಮಗೂನ ಕೂರಿಸ್ಕೋ.'