ನಡುವನ್ನು ಬಿಟ್ಟು ಗೆದ್ದ ಆಟ

ಹಲಗೆ ಕಣ್ಣೆದುರಿಗಿಲ್ಲದೆ ಚದುರಂಗದ ಆಟವೊಂದನ್ನು ಬಣ್ಣಿಸುವುದು, ಹಾಡದೆಯೇ ರಾಗವನ್ನು ವಿವರಿಸಹೊರಟಂತೆ. ಆದರೂ 1924ರ ಮಾರ್ಚ್ 22ರಂದು ನ್ಯೂಯಾರ್ಕಿನಲ್ಲಿ ನಡೆದ ಆಟವನ್ನು ಕುರಿತು ನಾಲ್ಕು ಮಾತು ಹೇಳಬೇಕೆನಿಸುತ್ತದೆ. ಅಂದು ಕರಿಯ ಕಾಯಿಗಳನ್ನು ನಡೆಸಿದವನು ಕ್ಯೂಬಾದ ಕಾಪಬ್ಲಾಂಕಾ. 1921ರಲ್ಲಿ ಲಾಸ್ಕರನನ್ನು ಸೋಲಿಸಿ ಜಗಜ್ಜೇತನಾದವನು, ಎಂಟು ವರ್ಷಗಳಿಂದ ಪಂದ್ಯದಲ್ಲಿ ಸೋಲನ್ನೇ ಕಾಣದವನು. ಬಿಳಿಯ ಕಾಯಿಗಳು ರಿಚರ್ಡ್ ರೇಟಿಯವು.

ಹಲಗೆಯ ನಡುವಣ ನಾಲ್ಕು ಮನೆಗಳನ್ನು ಕಾಲಾಳುಗಳಿಂದ ಮೊದಲು ಆಕ್ರಮಿಸಬೇಕೆಂಬುದು ಹಳೆಯ ಆಚಾರ್ಯರ ಪಾಠ. ನಡುವನ್ನು ಆಕ್ರಮಿಸುವುದೇ ಬೇರೆ, ಹತೋಟಿಯಲ್ಲಿಡುವುದೇ ಬೇರೆ ಎಂದು ರೇಟಿಯ ಪಂಥ ವಾದಿಸಿತು. ವಿಸ್ತಾರವಾಗಿ ಹಬ್ಬಿದ ಕಾಲಾಳುಗಳು ಎದುರಾಳಿಗೆ ಗುರಿಯಾಗಲೂಬಹುದಷ್ಟೆ! ಈ ಹೊಸ ವಿಚಾರಗಳನ್ನು ಕುರಿತು ರೇಟಿ 1922ರಲ್ಲಿ ಪುಸ್ತಕವನ್ನೇ ಪ್ರಕಟಿಸಿದ್ದ. ಈಗ ಅದರ ಪರೀಕ್ಷೆ.

ಮೊದಲು ರಾಜನ ಪಕ್ಕದ ಕುದುರೆ ಹೊರಬಂದಿತು. ಬಳಿಕ ಮಂತ್ರಿಯ ಕಡೆಯ ಪಾರ್ಶ್ವದ ಎರಡು ಕಾಲಾಳುಗಳು ಎರಡೆರಡು ಮನೆ ಮುಂದೆ ಸರಿದವು. ಎರಡು ಒಂಟೆಗಳೂ ಅಂಚಿಗೆ ಸರಿದು, ಹಲಗೆಯನ್ನು ಓರೆಯಾಗಿ ಸೀಳುವ ಉದ್ದನೆಯ ಸಾಲುಗಳಲ್ಲಿ ನಿಂತು ದೂರದಿಂದಲೇ ನಡುವನ್ನು ನೋಡುತ್ತಿದ್ದವು. ಹದಿನಾರನೆಯ ನಡೆಯವರೆಗೂ ರೇಟಿಯ ನಡುವಣ ಕಾಲಾಳುಗಳು ಮೂರನೆಯ ಸಾಲನ್ನು ದಾಟಲಿಲ್ಲ. ಅಷ್ಟು ತಾಳ್ಮೆ ನಮ್ಮಂಥವರಿಗೆ ಎಲ್ಲಿಯದು!

ಆಮೇಲೆ ನಡು ಬಿಚ್ಚಿಕೊಂಡಿತು. ಇಪ್ಪತ್ತನೆಯ ನಡೆಯಲ್ಲಿ ಕಾಪಬ್ಲಾಂಕಾನ ಮಂತ್ರಿ ಒಂದು ಕಾಲಾಳನ್ನು ಕಬಳಿಸಿದ. ಅದು ದುರಾಸೆಯೆಂದು ಹೇಳಲಾರೆ. ಕೂಡಲೆ ಒಂಟೆಗೆ ಒಂಟೆ ಹೋಯಿತು. ಬಿಳಿಯ ಒಂಟೆ ಮೊದಲು ಕಾದು ಕುಳಿತಿದ್ದ ಮನೆಗೇ ರೇಟಿಯ ಮಂತ್ರಿ ಬಂದು, ಅದೇ ಓರೆಸಾಲಿನಿಂದ ರಾಜನಿಗೆ ಶಹ ಕೊಟ್ಟ. ಮರುನಡೆಯಲ್ಲಿ ಬಿಳಿಯ ಆನೆ ಒಂದು ಕಾಲಾಳನ್ನು ಹೊಡೆಯಿತು. ಕಾಯಿಗಳ ಲೆಕ್ಕ ಈಗಲೂ ಸರಿಸಮ. ಆದರೆ ಕರಿಯ ಮಂತ್ರಿಗೆ ನೆಲೆಯಿಲ್ಲ: ಎಡದಿಂದ ಬಲದ ಅಂಚಿಗೆ, ಅಲ್ಲಿಂದ ನಡುವಿಗೆ, ಮತ್ತೆ ಬಂದ ಮನೆಗೇ. ಅವನು ಹೀಗೆ ಅಲೆಯುತ್ತಿರುವಾಗ ಬಿಳಿಯ ಕುದುರೆಗಳು ಬೇಕಾದ ಜಾಗಗಳನ್ನು ಹಿಡಿದವು. ಮೂವತ್ತೊಂದನೆಯ ನಡೆಯಲ್ಲಿ ರೇಟಿಯ ಎರಡನೆಯ ಆನೆ ಮುಂದೆ ಬಂದು ಮಂತ್ರಿಯ ಪಕ್ಕದಲ್ಲಿಯೇ ನಿಂತಿತು. ಎತ್ತ ಸರಿದರೂ ನಷ್ಟ ತಪ್ಪದು. ಕಾಪಬ್ಲಾಂಕಾ ಸೋಲೊಪ್ಪಿಕೊಂಡ.

ಆ ಪಂದ್ಯಾವಳಿಯಲ್ಲಿ ಪ್ರಥಮನಾದವನು ಐವತ್ತೈದರ ಲಾಸ್ಕರ್. ಕಾಪಬ್ಲಾಂಕಾ ದ್ವಿತೀಯ, ರೇಟಿಗೆ ಐದನೆಯ ಸ್ಥಾನ. ಐದು ವರ್ಷಗಳ ಅನಂತರ, 1929ರಲ್ಲಿ, ರೇಟಿ ಪ್ರಾಗ್ ನಗರದಲ್ಲಿ ತೀರಿಕೊಂಡ. ಆಗ ಅವನಿಗೆ ನಲವತ್ತು ವರ್ಷ. ಕುದುರೆಯನ್ನು ಮುಂದಿಟ್ಟು ಪಾರ್ಶ್ವದಿಂದ ತೊಡಗುವ ಆ ಆರಂಭವನ್ನು ಆಟಗಾರರು ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ.